ತೋಡಿಗೆ ಬಿದ್ದ ಕೀ, ಬಸ್ಸಿನಲ್ಲಿ ಹೋದ ಕೀ

ಹತ್ತು ತಿಂಗಳ ಅಂತರದಲ್ಲಿ ನಮ್ಮ ಕುಟುಂಬದ ಎರಡು ಕಾರುಗಳ ಕೀ ಕಳೆದುಹೋದವು. ಎರಡಕ್ಕೂ ಇನ್ನೊಂದು ಕೀ ಇರಲಿಲ್ಲ. ಮೊದಲು ಹೋದದ್ದು ತಂಗಿಯದು. ಮಂಗಳೂರಿನಿಂದ ಕಾಸರಗೋಡಿಗೆ ಬರುವ ಬಸ್ಸಿನ ನೂಕುನುಗ್ಗಲಿನಲ್ಲಿ ಕೈಚೀಲದಿಂದ ಜಾರಿತು. ನನ್ನದು ಹೋದದ್ದು ಆಟಿ ತಿಂಗಳ ಮಳೆಯಲ್ಲಿ, ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ. ಕೊಳೆರೋಗಕ್ಕೆ ಉದುರಿದ ಅಡಿಕೆ ಎಷ್ಟಿದೆ ಎಂದು ನೋಡಲು ತೋಡು ದಾಟುವ ಸಂಕದ ಮೇಲೆ ನಿಂತು ಬಗ್ಗಿದೆ. ಅಂಗಿಯ ಜೇಬಿನಲ್ಲಿದ್ದ ಕೀ ತೋಡಿಗೆ ಬಿತ್ತು. ಕೆಂಪು ನೀರು ಅಷ್ಟು ಜೋರಾಗಿ ಹರಿಯುತ್ತಿತ್ತು, ಬಿದ್ದ ಸದ್ದೂ ಕೇಳಿಸಲಿಲ್ಲ.

ಎರಡೂ ಒಂದೇ ಕಂಪನಿಯ, ಒಂದೇ ಮಾದರಿಯ ಸಣ್ಣ ಪೆಟ್ರೋಲ್ ಕಾರುಗಳು. ತಂಗಿಯದು 2017ರದ್ದು, ಹೊಸದಾಗಿ ಕೊಂಡದ್ದು. ನನ್ನದು 2014ರದ್ದು, ಇನ್ನೊಬ್ಬರಿಂದ ಕೊಂಡದ್ದು. ಕೊಳ್ಳುವಾಗಲೇ ಒಂದು ಕೀ ಮಾತ್ರ ಕೊಟ್ಟಿದ್ದರು. ತಂಗಿಯ ಕಾರಿಗೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೀ ಮಾಡಿಸಿದೆವು. ನನ್ನದಕ್ಕೆ ಮಂಗಳೂರಿನಿಂದ ಯಂತ್ರ ಹಿಡಿದುಕೊಂಡು ಮನೆಗೇ ಬಂದ ಕೀ ತಯಾರಕನಿಂದ ಮಾಡಿಸಿದೆ. ಎರಡೂ ಸಲ ಓಡಾಡಿದವನು ನಾನೇ ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೇಳಬಲ್ಲೆ.

ಮೊದಲು ಒಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ಹೇಳುವ ದರವೆಲ್ಲ ದರೋಡೆಯಂತೆ ಕಾಣುತ್ತದೆ. ಈಗಿನ ಕಾರಿನ ಕೀ ಕೇವಲ ಕಬ್ಬಿಣದ ಹಲ್ಲಲ್ಲ. ಅದರ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ರಿಮೋಟ್‌ನೊಳಗಿನ ಬ್ಯಾಟರಿ ಬಾಗಿಲು ತೆರೆಯುವ ಗುಂಡಿಗಷ್ಟೇ. ಸ್ಟೇರಿಂಗ್ ಕೆಳಗಿನ ಬೀಗದ ಬಾಯಿಯ ಸುತ್ತ ತಂತಿಯ ಒಂದು ಬಳೆ ಇದೆ. ಕೀ ತಿರುಗಿಸಿದಾಗ ಆ ಬಳೆಯೇ ಚಿಪ್ಪಿಗೆ ಶಕ್ತಿ ಕೊಟ್ಟು ಮಾತನಾಡಿಸುತ್ತದೆ. ಚಿಪ್ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಇಮೊಬಿಲೈಸರ್ ಎನ್ನುವುದು ಇದನ್ನೇ. ಐರೋಪ್ಯ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ನಮ್ಮಲ್ಲಿಯೂ ಸಣ್ಣ ಕಾರುಗಳವರೆಗೆ ಬಂದು ಬಹಳ ವರ್ಷಗಳಾದವು.

ಹಾಗಾಗಿ ಕೀ ಕಳೆದಾಗ ಎರಡು ಕೆಲಸ ಆಗಬೇಕು. ಬೀಗಕ್ಕೆ ಹೊಂದುವ ಹಲ್ಲು ಕೊರೆಯಬೇಕು, ಹೊಸ ಚಿಪ್ಪನ್ನು ಕಾರಿನ ನೆನಪಿನಲ್ಲಿ ಬರೆಸಬೇಕು. ಒಂದು ಕೀ ಕೈಯಲ್ಲಿದ್ದರೆ ಎರಡೂ ಸುಲಭ. ಒಂದೂ ಇಲ್ಲದಿದ್ದರೆ ಎರಡೂ ಕಷ್ಟ.

ಕಾಸರಗೋಡಿನ ಹಳೆಯ ಬಸ್ ನಿಲ್ದಾಣದ ಕಡೆ ಕೀ ಮಾಡುವ ಹಿರಿಯರೊಬ್ಬರಲ್ಲಿ ತಂಗಿಯ ಕೀ ಹೋದ ಮರುದಿನವೇ ವಿಚಾರಿಸಿದೆ. ‘ಬಾಗಿಲು ತೆರೆಯುವ ಕೀ ನಾನು ಮಾಡಿಕೊಡುತ್ತೇನೆ, ಎಂಜಿನ್ ಚಾಲೂ ಆಗುವುದು ನನ್ನ ಕೈಯಲ್ಲಿಲ್ಲ’ ಎಂದು ನೇರವಾಗಿ ಹೇಳಿದರು. ಕಾರಿನ ಬಳಿಗೆ ಬಂದು ಮಾಡಿಕೊಟ್ಟದ್ದಕ್ಕೆ 600 ರೂಪಾಯಿ ತೆಗೆದುಕೊಂಡರು. ಆ ಹಣ ದಂಡವಲ್ಲ. ತಂಗಿಯ ವಿಮೆಯ ಕಾಗದಗಳು, ಮಗುವಿನ ಔಷಧದ ಚೀಟಿ ಎಲ್ಲ ಕಾರಿನೊಳಗೇ ಇದ್ದವು. ಗಾಜು ಒಡೆಯದೆ, ಬಾಗಿಲಿನ ರಬ್ಬರ್ ಹರಿಯದೆ ಕೈಗೆ ಬಂದವು. ಆಗದ ಕೆಲಸವನ್ನು ಆಗದು ಎಂದು ಹೇಳುವವರು ಸಿಕ್ಕಿದರೆ ಅರ್ಧ ಚಿಂತೆ ಅಲ್ಲಿಗೇ ಇಳಿಯುತ್ತದೆ.

ಇನ್ನು ಸರ್ವಿಸ್ ಸೆಂಟರ್. ಅಲ್ಲಿ ಕೇಳಿದ ದಾಖಲೆಗಳು: ಆರ್‌ಸಿ, ಮಾಲಕಿಯ ಗುರುತಿನ ಚೀಟಿ, ವಿಮೆಯ ಪ್ರತಿ, ಕೀ ಕಳೆದ ಬಗ್ಗೆ ಪೊಲೀಸ್ ಠಾಣೆಗೆ ಕೊಟ್ಟ ದೂರಿನ ರಶೀದಿ. ದೂರನ್ನು ನಾನು ಕನ್ನಡದಲ್ಲಿ ಬರೆದುಕೊಟ್ಟೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಾದ ನಮಗೆ ಕೊಟ್ಟ ಹಕ್ಕು ಅದು, ಠಾಣೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಸರ್ವಿಸ್ ಸೆಂಟರಿನ ಮೇಜಿನಲ್ಲಿ ಮಾತ್ರ ಅದನ್ನು ಓದಲು ಬರುವವರಿಲ್ಲವೆಂದು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬೇಕೆಂದರು. ಅದಕ್ಕೆ ಒಂದು ದಿನ ಹೋಯಿತು. ಗಡಿನಾಡಿನ ಕನ್ನಡಿಗರಿಗೆ ಇದು ಹೊಸದಲ್ಲ, ಆದರೂ ಪ್ರತಿ ಸಲ ನೋಯುತ್ತದೆ.

ತಂಗಿಯ ಪುಣ್ಯಕ್ಕೆ ಕಾರು ಕೊಂಡಾಗಿನ ಕಡತದಲ್ಲಿ ಲೋಹದ ಒಂದು ಪುಟ್ಟ ಬಿಲ್ಲೆ ಸಿಕ್ಕಿತು. ಹೊಸ ಕಾರಿನ ಕೀ ಗೊಂಚಲಿನಲ್ಲಿ ಇದು ಇರುತ್ತದೆ. ಅದರ ಮೇಲೆ ಕೀ ನಂಬರ್ ಕೊರೆದಿರುತ್ತದೆ. ಆ ನಂಬರ್ ಇದ್ದರೆ ಕಂಪನಿಯಿಂದ ಅದೇ ಹಲ್ಲಿನ ಕೀ ತರಿಸಬಹುದು. ನನ್ನ ಕೀ ಹೋದಾಗ ಅದೇ ಜಾಗದಲ್ಲಿ ವಿಚಾರಿಸಿದರೆ, ನಂಬರ್ ಇಲ್ಲವಾದರೆ ಬಾಗಿಲು, ಸ್ಟೇರಿಂಗ್, ಡಿಕ್ಕಿ ಎಲ್ಲದರ ಬೀಗಗಳನ್ನೂ ಬದಲಾಯಿಸುವುದು ಒಳ್ಳೆಯದೆಂದು 14,000 ರೂಪಾಯಿಯ ಅಂದಾಜು ಕೊಟ್ಟರು. ಕಾರು ಒಂದೇ, ಊರು ಒಂದೇ. ನಡುವೆ ಒಂದು ಬಿಲ್ಲೆ ಮಾತ್ರ. ನಿಮ್ಮ ಮನೆಯಲ್ಲಿ ಅದು ಇನ್ನೂ ಕೀ ಗೊಂಚಲಿನಲ್ಲೇ ನೇತಾಡುತ್ತಿದ್ದರೆ ಇವತ್ತೇ ಬಿಚ್ಚಿ ಕಪಾಟಿನಲ್ಲಿಡಿ. ಕೀ ಜೊತೆ ಅದೂ ಕಳೆದರೆ ಅದರಿಂದ ಪ್ರಯೋಜನವಿಲ್ಲ.

ಸರ್ವಿಸ್ ಸೆಂಟರಿನವರ ಮಾತಿನಂತೆ ಮೊದಲ ದಿನವೇ ಕಾರನ್ನು ಅಲ್ಲಿಗೆ ಸಾಗಿಸಿದೆವು. ಅದು ತಪ್ಪು ಲೆಕ್ಕ. ಸ್ಟೇರಿಂಗ್ ಲಾಕ್ ಆಗಿತ್ತು, ಮುಂದಿನ ಚಕ್ರ ಒಂದು ಕಡೆ ತಿರುಗಿ ನಿಂತಿತ್ತು. ಚಪ್ಪಟೆ ಲಾರಿಯ ಮೇಲೆಯೇ ಹೇರಬೇಕಾಯಿತು. ಅದಕ್ಕೆ 2,800 ರೂಪಾಯಿ. ಆಮೇಲೆ ಕೀ ಬರುವವರೆಗೆ ಕಾರು ಅವರ ಅಂಗಳದಲ್ಲಿ ಬಿಸಿಲು ಕಾಯಿತು. ಒಟ್ಟು ಹನ್ನೊಂದು ದಿನ. ಕೀ ಬಂದ ಮೇಲೆ ಅದನ್ನು ಕಾರಿಗೆ ಪರಿಚಯಿಸುವ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಕೀ ಬಂದಿದೆ ಎಂದು ಫೋನ್ ಬಂದ ಮೇಲೆ ಕಾರನ್ನು ಕಳುಹಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಕೀ, ಕೂಲಿ ಎಲ್ಲ ಸೇರಿ 5,900 ರೂಪಾಯಿ ಆಯಿತು, ಒಂದೇ ಕೀಗೆ.

ಕೆಲಸದಲ್ಲಿ ಕುಂದು ಹೇಳುವಂತಿಲ್ಲ. ಕೀ ಬೆಣ್ಣೆಯಲ್ಲಿ ಚೂರಿ ಇಳಿದಂತೆ ಹೊಕ್ಕುತ್ತದೆ, ರಿಮೋಟ್ ಅಂಗಳದ ಆಚೆ ತುದಿಯಿಂದಲೂ ಕೆಲಸ ಮಾಡುತ್ತದೆ. ಬಿಲ್ ಇದೆ, ಖಾತರಿ ಇದೆ.

ನನ್ನ ಕಾರಿಗೆ ಈ ದಾರಿಯೇ ಇರಲಿಲ್ಲ. ನಮ್ಮ ಮನೆಗೆ ಬರುವ ಓಣಿಯ ಎರಡೂ ಬದಿ ಕೆಂಪುಕಲ್ಲಿನ ಪಾಗಾರ. ಗೊಬ್ಬರದ ಪಿಕಪ್ ಬರುವುದೇ ಕಷ್ಟ, ಕಾರು ಹೇರುವ ಲಾರಿ ಬರುವ ಮಾತೇ ಇಲ್ಲ. ತಾಯಿಯನ್ನು ಕಣ್ಣಿನ ಪರೀಕ್ಷೆಗೆ ಮಂಗಳೂರಿಗೆ ಕರೆದೊಯ್ಯುವ ದಿನ ಬೇರೆ ಹತ್ತಿರ ಬರುತ್ತಿತ್ತು. ಐದನೆಯ ದಿನ ಮಂಗಳೂರಿನ ಕೀ ತಯಾರಕನೊಬ್ಬನಿಗೆ ಫೋನ್ ಮಾಡಿದೆ. ಆತ ಫೋನಿನಲ್ಲೇ ಕಾರಿನ ವರ್ಷ, ಪೆಟ್ರೋಲೋ ಡೀಸೆಲೋ, ಒಂದಾದರೂ ಕೀ ಇದೆಯೋ ಎಂದು ಕೇಳಿ ದರ ಹೇಳಿದ: ಬರುವ ಖರ್ಚು ಸೇರಿ ಎರಡು ಕೀಗೆ 6,500, ಕಾರು ಚಾಲೂ ಆಗದಿದ್ದರೆ ಪೆಟ್ರೋಲಿನ ಹಣ ಮಾತ್ರ.

ಮಾರನೆಯ ಬೆಳಗ್ಗೆ ಬಂದವನು ಮೂವತ್ತರ ಆಸುಪಾಸಿನ ಹುಡುಗ. ಕಾರಿಗೆ ಕೈ ಹಚ್ಚುವ ಮೊದಲು ಆರ್‌ಸಿ ಕೇಳಿದ. ಅದು ಕಾರಿನೊಳಗಿತ್ತು, ಡಿಜಿಲಾಕರ್‌ನಲ್ಲಿ ತೋರಿಸಿದೆ. ಆಧಾರ್ ಜೊತೆ ಹೆಸರು ತಾಳೆ ನೋಡಿ, ಕಾರಿನ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡ. ಅಲ್ಲಿಗೇ ನನಗೆ ಅವನ ಮೇಲೆ ನಂಬಿಕೆ ಬಂತು. ದಾಖಲೆ ಕೇಳದೆ ನನ್ನ ಕಾರು ತೆರೆಯುವವನು ನಾಳೆ ಇನ್ನೊಬ್ಬನಿಗೂ ಅದನ್ನು ತೆರೆದುಕೊಡಬಲ್ಲ.

ಆಮೇಲಿನ ಕೆಲಸ ನೋಡುತ್ತ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚಪ್ಪಟೆ ಕಡ್ಡಿಯಂತಹ ಒಂದು ಸಲಕರಣೆಯನ್ನು ಚಾಲಕನ ಬಾಗಿಲಿನ ಬೀಗಕ್ಕೆ ಹಾಕಿದ. ಅದರ ಮೈಮೇಲೆ ಗೆರೆಗಳ ಜಾಲ, ಪಕ್ಕದಲ್ಲಿ ಒಂದು ಸಣ್ಣ ಸನ್ನೆಕೋಲು. ಬೀಗದೊಳಗಿನ ಒಂದೊಂದೇ ಹಿತ್ತಾಳೆಯ ತಗಡನ್ನು ಸನ್ನೆಕೋಲಿನಿಂದ ಮೆಲ್ಲನೆ ಒತ್ತುತ್ತಾನೆ, ಕಣ್ಣು ಮುಚ್ಚಿ ಬೆರಳಿನಲ್ಲೇ ಕೇಳುತ್ತಾನೆ, ಗೆರೆ ನೋಡಿ ಒಂದು ಅಂಕೆ ಬರೆಯುತ್ತಾನೆ. ಮಳೆ ಹನಿಯುತ್ತಿತ್ತು, ನಾನು ಕೊಡೆ ಹಿಡಿದಿದ್ದೆ. ಇಪ್ಪತ್ತೈದು ನಿಮಿಷದಲ್ಲಿ ಬಾಗಿಲು ತೆರೆಯಿತು, ಚೀಟಿಯಲ್ಲಿ ಅಂಕೆಗಳ ಒಂದು ಸಾಲು ಇತ್ತು. ಆ ಸಾಲನ್ನು ತನ್ನ ಕಾರಿನ ಡಿಕ್ಕಿಯಲ್ಲಿದ್ದ ಕೊರೆಯುವ ಯಂತ್ರಕ್ಕೆ ಕೊಟ್ಟ. ಮೊದಲ ಕೀ ಬಾಗಿಲಿಗೆ ಹೊಂದಿತು, ಸ್ಟೇರಿಂಗಿಗೆ ಸ್ವಲ್ಪ ಬಿಗಿಯಾಯಿತು. ಬಾಗಿಲಿನ ಬೀಗ ಸವೆದಿರುತ್ತದೆ, ಅಲ್ಲಿ ಓದಿದ ಅಂಕೆ ಕೆಲವೊಮ್ಮೆ ಒಂದು ಹೆಚ್ಚು ಕಡಿಮೆ ಆಗುತ್ತದೆ ಎಂದು ಹೇಳಿ ಇನ್ನೊಂದು ಕೊರೆದ. ಅದು ಸಲೀಸಾಗಿ ತಿರುಗಿತು.

ನಂತರ ಬ್ಯಾಟರಿ ಅಳೆದ. 11.8 ವೋಲ್ಟ್. ‘ಇದರಲ್ಲಿ ನಾನು ಶುರು ಮಾಡುವುದಿಲ್ಲ’ ಎಂದ. ಕಂಪ್ಯೂಟರಿಗೆ ಬರೆಯುತ್ತಿರುವಾಗ ವಿದ್ಯುತ್ ಕುಸಿದರೆ ಕಂಪ್ಯೂಟರೇ ಕೆಡಬಹುದು, ಆಗ ಖರ್ಚು ಹಲವು ಪಟ್ಟು. ನೆರೆಮನೆಯ ಜೀಪನ್ನು ತಂದು ತಂತಿ ಜೋಡಿಸಿದ ಮೇಲೆಯೇ ಸ್ಟೇರಿಂಗ್ ಕೆಳಗಿನ 16 ಪಿನ್ನುಗಳ ಕಿಂಡಿಗೆ ತನ್ನ ಯಂತ್ರ ಸಿಕ್ಕಿಸಿದ. ಈ ಎಚ್ಚರ ಇಲ್ಲದವನು ಬಂದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಅಂಜಿಕೆಯಾಗುತ್ತದೆ. ನೀವು ಯಾರನ್ನೇ ಕರೆಸಿ, ಬ್ಯಾಟರಿ ಅಳೆದರೇ ಎಂದು ನೋಡಿ; ಪೂರ್ತಿ ತುಂಬಿದ ಬ್ಯಾಟರಿ 12.6 ವೋಲ್ಟಿನ ಹತ್ತಿರ ತೋರಿಸಬೇಕು.

ಯಂತ್ರದ ಪರದೆ ನೋಡಿ ಅವನು ಕೇಳಿದ: ‘ಎರಡು ಕೀ ಉಂಟಲ್ಲ ಅಣ್ಣ, ಇನ್ನೊಂದು ಎಲ್ಲಿ?’

ಮೂರು ವರ್ಷದಿಂದ ಆ ಕಾರು ನನ್ನ ಮನೆಯಂಗಳದಲ್ಲಿ ನಿಲ್ಲುತ್ತಿದೆ. ಕಾರಿನ ನೆನಪಿನಲ್ಲಿ ಎರಡು ಕೀಗಳ ಲೆಕ್ಕ ಇತ್ತು. ನನಗೆ ಸಿಕ್ಕಿದ್ದು ಒಂದು. ಇನ್ನೊಂದು ಯಾರ ಮೇಜಿನ ಖಾನೆಯಲ್ಲಿದೆಯೋ, ಯಾರ ಜೇಬಿನಲ್ಲಿದೆಯೋ, ಅದು ನನ್ನ ಕಾರನ್ನು ತೆರೆದು ಓಡಿಸಬಲ್ಲ ಕೀ. ಎರಡನ್ನೂ ಅಳಿಸಲು ಹೇಳಿದೆ. ಅಳಿಸಿ ಎರಡು ಹೊಸದನ್ನು ಬರೆದ. ಮೂರು ಗಂಟೆಯಲ್ಲಿ ಎಲ್ಲ ಮುಗಿದು, ಅವನು ಮಜ್ಜಿಗೆ ಕುಡಿದು ಹೊರಟ. ಒಂದು ಕೀ ಇಟ್ಟುಕೊಂಡು ಕಾರು ಮಾರುವವರಿಂದ ಕೊಂಡ ಎಲ್ಲರೂ ಈ ಒಂದು ಲೆಕ್ಕವನ್ನು ಕೇಳಿ ತಿಳಿದುಕೊಳ್ಳಲೇಬೇಕು. ನನಗೆ ಕೀ ಕಳೆದ ನಂತರ ತಿಳಿಯಿತು.

ಇಷ್ಟು ನೋಡಿದ ಮೇಲೆ ನನ್ನ ತೀರ್ಮಾನ ಸ್ಪಷ್ಟ: ಚಿಪ್ ಇರುವ ಸಾಧಾರಣ ಕೀ, ಖಾತರಿಯ ಅವಧಿ ಮುಗಿದ ಕಾರು, ಹಳ್ಳಿಯ ದಾರಿ ಎಂದಾದರೆ ಮನೆಗೆ ಬರುವ ಕೀ ತಯಾರಕನೇ ಮೇಲು. ಹನ್ನೊಂದು ದಿನ ಮತ್ತು ಮೂರು ಗಂಟೆಯ ನಡುವಿನ ಅಂತರವನ್ನು ಬೇರೆ ಯಾವುದೂ ತುಂಬಿಕೊಡುವುದಿಲ್ಲ. ಕಾರಿಗೆ ಕಂಪನಿಯ ಖಾತರಿ ಇನ್ನೂ ಇದ್ದರೆ ಮಾತ್ರ ಸರ್ವಿಸ್ ಸೆಂಟರಿಗೇ ಹೋಗಿ. ಹೊರಗಿನವರು ಎಂಜಿನ್ ಕಂಪ್ಯೂಟರಿಗೆ ಕೈ ಹಾಕಿದ್ದನ್ನೇ ನೆಪ ಮಾಡಿ ನಾಳೆ ಖಾತರಿ ನಿರಾಕರಿಸಲು ಎಡೆ ಕೊಡಬಾರದು.

ಹಣದ ಲೆಕ್ಕದಲ್ಲಿ ಮಾತ್ರ ತಂಗಿ ಗೆದ್ದಳು. ಅವಳ ವಿಮೆಯಲ್ಲಿ ಕೀ ಕಳೆದರೆ ಪರಿಹಾರ ಕೊಡುವ ಹೆಚ್ಚುವರಿ ರಕ್ಷಣೆ ಇತ್ತು. ಕೊಳ್ಳುವಾಗ ಯಾರೋ ಸೇರಿಸಿದ್ದು, ಅವಳಿಗೇ ಗೊತ್ತಿರಲಿಲ್ಲ. ದೂರಿನ ರಶೀದಿ, ಬಿಲ್ ಕೊಟ್ಟ ಐದು ವಾರಕ್ಕೆ 5,900 ರೂಪಾಯಿ ಖಾತೆಗೆ ಬಂತು. ಸಾಗಿಸಿದ 2,800 ಬರಲಿಲ್ಲ. ನನ್ನ ಪಾಲಿಸಿಯಲ್ಲಿ ಆ ರಕ್ಷಣೆ ಇಲ್ಲ, 6,500 ಪೂರ್ತಿ ನನ್ನದೇ. ಆದರೆ ನನ್ನ ಕೈಯಲ್ಲಿ ಎರಡು ಕೀ ಇವೆ. ತಂಗಿಗೆ ಎರಡನೆಯದನ್ನು ಮಾಡಿಸಲು ಅದೇ ಹುಡುಗನ ಬಳಿಗೆ ಮಂಗಳೂರಿಗೆ ಕರೆದೊಯ್ದೆ. ಒಂದು ಕೀ ಇದ್ದುದರಿಂದ ಇಪ್ಪತ್ತು ನಿಮಿಷದ ಕೆಲಸ, 1,800 ರೂಪಾಯಿ.

ಡಿಸೆಂಬರಿನಲ್ಲಿ ತೋಡಿಗೆ ಕಟ್ಟ ಕಟ್ಟಲು ಮಣ್ಣು ತೆಗೆಯುತ್ತಿದ್ದಾಗ ಕೆಲಸದವರೊಬ್ಬರ ಹಾರೆಗೆ ಏನೋ ತಾಗಿತು. ನನ್ನ ಕೀ. ಸಂಕದಿಂದ ನೀರು ಹರಿಯುವ ಕಡೆಗೆ ಹದಿನೈದು ಅಡಿ ಆಚೆ, ಬೇರಿನಲ್ಲಿ ಸಿಕ್ಕಿಕೊಂಡಿತ್ತು. ತೊಳೆದು ಎರಡು ದಿನ ಬಿಸಿಲಿಗಿಟ್ಟೆ. ಬಾಗಿಲು ತೆರೆಯಿತು. ಸ್ಟೇರಿಂಗ್ ಬೀಗವೂ ತಿರುಗಿತು. ಎಂಜಿನ್ ಒಂದು ಕ್ಷಣ ಗುರ್ ಎಂದು ನಿಂತಿತು. ಮೀಟರಿನ ಪಕ್ಕ ಕೀಯ ಚಿತ್ರವಿರುವ ಪುಟ್ಟ ದೀಪ ಮಿನುಗುತ್ತಲೇ ಇತ್ತು. ಮೂರು ಸಲ ನೋಡಿದೆ, ಮೂರು ಸಲವೂ ಹಾಗೆಯೇ. ಈಗ ಅದು ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ಕಾರಿನೊಳಗೆ ಬಿಟ್ಟ ಕನ್ನಡಕ ತರಬೇಕಾದಾಗ ತಾಯಿ ಅದನ್ನೇ ತೆಗೆದುಕೊಂಡು ಹೋಗುತ್ತಾರೆ.