15 ಎಪಿಸೋಡ್ ಕೊಟ್ಟು 16ನೆಯದರಲ್ಲಿ ಕಿತ್ಕೊಳ್ತಾರೆ, ಹುಷಾರು

ಕೊರಿಯಾ, ಚೀನಾದ ಟೀವಿ ಡ್ರಾಮಾಗಳು ಕೊನೆಯಲ್ಲಿ ಕೈಕೊಡೋದರ ಬಗ್ಗೆ ಈ ಬರಹ. ಕೆಳಗೆ ಇರೋದೆಲ್ಲ ಸ್ಪಾಯ್ಲರ್, ಅಂದರೆ ಕೊನೆ ಏನಾಗುತ್ತೆ ಅಂತ ಮೊದಲೇ ಹೇಳಿಬಿಡೋದು. ಬೇಕಂತಲೇ ಹಾಕಿರೋದು. ಕೊನೆ ಗೊತ್ತಿಲ್ಲದೆ ಕೂತು ಮೋಸ ಹೋಗೋದಕ್ಕಿಂತ, ಗೊತ್ತಾಗಿ ಎದ್ದು ಹೋಗೋದು ವಾಸಿ.

'ರೀಬಾರ್ನ್ ರಿಚ್'. ಕೊರಿಯಾದ ಜೆಟಿಬಿಸಿ ಚಾನೆಲ್, 2022, 16 ಎಪಿಸೋಡ್. ಇವತ್ತಿಗೂ ಯಾರಾದರೂ "ಒಂದು ಒಳ್ಳೆ ಕೆ-ಡ್ರಾಮಾ ಹೇಳಿ" ಅಂದರೆ ಸಾಕು, ಇದರ ಹೆಸರು ಬರುತ್ತೆ. ಹೇಳೋರು ಕೊನೆ ಬಗ್ಗೆ ಮಾತ್ರ ತುಟಿ ಬಿಚ್ಚಲ್ಲ. ಕಥೆ ಗೊತ್ತಲ್ಲ, ಸೂನ್ಯಾಂಗ್ ಅನ್ನೋ ದೊಡ್ಡ ಮನೆತನದ ಕಂಪನಿಗೆ ನಾಯಿ ಥರ ದುಡಿದ ನೌಕರ ಯೂನ್ ಹ್ಯೊನ್‌ವೂ. ಅವನನ್ನೇ ಕೊಲ್ಲಿಸ್ತಾರೆ. ಕಣ್ಣು ಬಿಟ್ಟರೆ 1987, ಅದೇ ಮನೆಯ ಕಿರಿಯ ಮೊಮ್ಮಗ ಜಿನ್ ದೋಜುನ್ ಆಗಿದ್ದಾನೆ. ಮುಂದಿನ 35 ವರ್ಷ ಏನಾಗುತ್ತೆ ಅಂತ ಬಾಯಿಪಾಠ. ಸಿಯೋಲ್ ಪಕ್ಕದ ಬುಂದಾಂಗ್ ಜಮೀನು, 1997ರಲ್ಲಿ ದೇಶವೇ ಐಎಂಎಫ್ ಸಾಲಕ್ಕೆ ಕೈಚಾಚಿದ ಆರ್ಥಿಕ ಬಿಕ್ಕಟ್ಟು, ಆಮೇಲೆ ಕ್ರೆಡಿಟ್ ಕಾರ್ಡ್ ಸಾಲದ ಗಲಾಟೆ, ಒಂದೊಂದನ್ನೂ ಮೆಟ್ಟಿಲು ಮಾಡ್ಕೊಂಡು ಹತ್ತುತ್ತಾನೆ. ತಾತನ ಪಾತ್ರದಲ್ಲಿ ಲೀ ಸಂಗ್‌ಮಿನ್. ಆ ತಾತ-ಮೊಮ್ಮಗ ಎದುರುಬದುರು ಕೂತ ದೃಶ್ಯಗಳಿಗೆ ಬೆಲೆ ಕಟ್ಟೋಕಾಗಲ್ಲ. ಅದಕ್ಕೇ ಹೊಟ್ಟೆ ಜಾಸ್ತಿ ಉರಿಯೋದು.

ಆಮೇಲೆ ಲಾರಿ ಬಂದು ಗುದ್ದುತ್ತೆ. ದೋಜುನ್ ಸತ್ತ. ಹ್ಯೊನ್‌ವೂ ಆಸ್ಪತ್ರೆಯಲ್ಲಿ ಎದ್ದ. ಹೊರಗೆ ಕಳೆದಿರೋದು ಒಂದೇ ವಾರ.

ಒಂದೇ ವಾರ! ಕಟ್ಟಿದ ಕಂಪನಿ ಇಲ್ಲ, ಕೊಂಡ ಜಮೀನು ಇಲ್ಲ, ಗೆದ್ದ ತಾತನ ಪ್ರೀತಿಯೂ ಇಲ್ಲ. ಬೆಳಗಿಂದ ಒರಳಲ್ಲಿ ರುಬ್ಬಿದ ಹಿಟ್ಟನ್ನ ಸಂಜೆ ಚರಂಡಿಗೆ ಸುರಿದ ಹಾಗೆ. ಮೂಲ ವೆಬ್ ಕಾದಂಬರಿಯಲ್ಲಿ ಹೀಗಿಲ್ಲ, ಅಲ್ಲಿ ದೋಜುನ್ ಸೂನ್ಯಾಂಗ್ ಗೆದ್ದೇ ಗೆಲ್ತಾನೆ. ಟೀವಿಯವರು ಬದಲಾಯಿಸಿದರು. ಯಾಕಪ್ಪಾ ಅಂದರೆ ಉತ್ತರವನ್ನ ಹೀರೋ ಬಾಯಲ್ಲೇ ಹೇಳಿಸಿದ್ದಾರೆ: ಅದು ಕಾಲಯಾನವೂ ಅಲ್ಲ, ಪರಕಾಯ ಪ್ರವೇಶವೂ ಅಲ್ಲ, ಪ್ರಾಯಶ್ಚಿತ್ತವಂತೆ. ನಿಜವಾದ ದೋಜುನ್ ಸತ್ತ ದಿನ ಹ್ಯೊನ್‌ವೂನೂ ದಾಳವಾಗಿದ್ದ, ಬಾಯಿ ಮುಚ್ಕೊಂಡಿದ್ದ, ಈಗ ವಿಚಾರಣೆಯಲ್ಲಿ ಒಪ್ಕೊಂಡ. ಸರಿ, ಒಪ್ಕೊಳ್ಳಲಿ. ಆದರೆ ಪ್ರಾಯಶ್ಚಿತ್ತದ ಕಥೆ ಅಂತ ಮೊದಲೇ ಹೇಳಿದ್ದರೆ ನಾವು ಷೇರು, ಜಮೀನು, ಸಾಲದ ಲೆಕ್ಕ ಹಾಕ್ತಾ ಕೂರ್ತಿದ್ವಾ? ಸೇಡಿನ ಬೋರ್ಡ್ ಹಾಕಿ ಒಳಗೆ ಹರಿಕಥೆ!

ಆ ಕೊನೆ ಎಪಿಸೋಡ್ ಡಿಸೆಂಬರ್ 25ಕ್ಕೆ ಬಂತು. ರೇಟಿಂಗ್ 26.9%, ಇಡೀ ಡ್ರಾಮಾದಲ್ಲೇ ಅತಿ ಹೆಚ್ಚು. ಅಭಿಮಾನಿಗಳು ಇದನ್ನೇ ಎತ್ತಿ ಹಿಡೀತಾರೆ, "ಜನ ಇಷ್ಟಪಡದೆ ಇಷ್ಟು ಬರುತ್ತಾ?" ಅಂತ. ಸ್ವಾಮಿ, ಅದು ಕಾದು ಕೂತವರ ಲೆಕ್ಕ. ಮುಗಿದ ಮೇಲೆ ರಿಮೋಟ್ ಎಸೆದವರ ಲೆಕ್ಕ ಯಾವ ಮೀಟರಿಗೂ ಬರಲ್ಲ.

ಇನ್ನೊಂದು ಉತ್ತರ ಕೇಳಿ ಕೇಳಿ ಸಾಕಾಗಿದೆ: "ಇದು ರಿಯಲಿಸ್ಟಿಕ್ ಕಣ್ರೀ." 'ಟ್ವೆಂಟಿ ಫೈವ್ ಟ್ವೆಂಟಿ ಒನ್' ಅನ್ನೋ ಇನ್ನೊಂದು ಕೊರಿಯನ್ ಡ್ರಾಮಾ ಬಗ್ಗೆ ಸೊಲ್ಲೆತ್ತಿದರೂ ಇದೇ. ಟಿವಿಎನ್ ಚಾನೆಲ್, 2022, ಇದೂ 16 ಎಪಿಸೋಡ್. ಕತ್ತಿವರಸೆ ಆಡೋ ನಾ ಹೀದೋ, ಪತ್ರಕರ್ತನಾಗೋ ಬೇಕ್ ಈಜಿನ್. ಮೊದಲ ಎಪಿಸೋಡಲ್ಲೇ ಹೀದೋಳ ಮಗಳನ್ನ ತೋರಿಸ್ತಾರೆ, ಹೆಸರು ಕಿಮ್ ಮಿನ್‌ಛೆ. ಕೊರಿಯಾದಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಮನೆತನದ ಹೆಸರು. ಕಿಮ್ ಬೇರೆ, ಬೇಕ್ ಬೇರೆ. ಇಬ್ಬರಿಗೂ ಕೂಡಿ ಬರಲ್ಲ ಅಂತ ಅಲ್ಲೇ ಬರೆದಿತ್ತು, ಒಪ್ತೀನಿ. ನನ್ನ ತಕರಾರು ಬೇರ್ಪಟ್ಟಿದ್ದಕ್ಕಲ್ಲ, ಬೇರ್ಪಡಿಸಿದ ರೀತಿಗೆ. 14 ಎಪಿಸೋಡ್ ಬಸ್ ಸ್ಟಾಪಿನ ಒಂದು ನೋಟಕ್ಕೂ ಪುರುಸೊತ್ತು ಇದ್ದವರು, ನ್ಯೂಯಾರ್ಕಿಗೆ ಕಳಿಸಿ, ದೂರ ಮಾಡಿ, ಜಗಳ ಆಡಿಸಿ, ಮುರಿದು ಹಾಕೋದನ್ನ ಕೊನೆಯಲ್ಲಿ ಗಡಿಬಿಡಿಯಲ್ಲಿ ತುರುಕಿದ್ದಾರೆ. ಆಮೇಲೆ ಮಗಳಿಗೆ ಅಪ್ಪ ಯಾರು? ಕೊನೆತನಕ ಮುಖ ತೋರಿಸಲಿಲ್ಲ. ಇದ್ಯಾವ ಸೀಮೆ ರಿಯಲಿಸ್ಟಿಕ್?

ಚೀನಾದ್ದು ಇನ್ನೂ ಒಂದು ಕೈ ಮೇಲೆ, ಅಲ್ಲಿ ದುಡ್ಡನ್ನೂ ಕಿತ್ಕೊಂಡರು. 'ಜಾಯ್ ಆಫ್ ಲೈಫ್', 2019, 46 ಎಪಿಸೋಡ್. ವಿಐಪಿ ಅಂತ ಮೊದಲೇ ಕಟ್ಟಿದವರಿಗೆ ಮಧ್ಯದಲ್ಲಿ ಇನ್ನೂ 50 ಯುವಾನ್ ಕಟ್ಟಿ ಅಂದರು, ಕಟ್ಟಿದರೆ ಬೇರೆಯವರಿಗಿಂತ ಆರು ಎಪಿಸೋಡ್ ಮುಂದೆ ನೋಡಬಹುದು. ಒಬ್ಬ ವಕೀಲ, ಅದನ್ನ ತೋರಿಸ್ತಿದ್ದ ಐಚಿಯಿ ಅನ್ನೋ ಆನ್‌ಲೈನ್ ವಿಡಿಯೋ ಕಂಪನಿ ಮೇಲೆ ಕೇಸು ಹಾಕಿದ. ನಿಯಮ ಬದಲಾಯಿಸೋ ಹಕ್ಕು ಒಪ್ಪಂದದಲ್ಲೇ ಇದೆ ಅಂತ ಕಂಪನಿ ವಾದ! 2020ರ ಜೂನ್‌ನಲ್ಲಿ ಬೀಜಿಂಗ್ ಇಂಟರ್ನೆಟ್ ಕೋರ್ಟ್ ಆ ವಾದ ಒಪ್ಪಲಿಲ್ಲ. ಐಚಿಯಿ ಈ ಹೆಚ್ಚಿಗೆ ಕಟ್ಟಿಸೋ ಪದ್ಧತಿ ನಿಲ್ಲಿಸಿದ್ದು ಮಾತ್ರ 2021ರ ಅಕ್ಟೋಬರಿಗೆ.

ಅಷ್ಟು ಕೊಟ್ಟು ಕೊನೆಗೆ ಏನು ಸಿಕ್ತು? ಹೀರೋ ಫಾನ್ ಶಿಯೆನ್‌ಗೆ ಸ್ನೇಹಿತನೇ ಕತ್ತಿ ಚುಚ್ಚುತ್ತಾನೆ. ಮುಗೀತು, ಕಪ್ಪು ಪರದೆ. ಎರಡನೇ ಸೀಸನ್ ಬಂದಿದ್ದು 2024ರ ಮೇ ತಿಂಗಳಲ್ಲಿ. ನಾಲ್ಕೂವರೆ ವರ್ಷ ಕಾದು ನೋಡಿದರೆ ಸತ್ತಿದ್ದೇ ನಾಟಕವಂತೆ.

ಕೊನೆ ಹೀಗೆ ಕೆಡೋಕೆ ಕಾರಣ ಗುಟ್ಟೇನಲ್ಲ. ಕೊರಿಯಾದಲ್ಲಿ ವಾರಕ್ಕೆ ಎರಡು ಎಪಿಸೋಡ್ (ರೀಬಾರ್ನ್ ರಿಚ್ ಅಂತೂ ಮೂರು), ಒಂದೊಂದೂ ಗಂಟೆ ಮೇಲೆ. ಪೂರ್ತಿ ಬರೆದಿಟ್ಟು ಶುರು ಮಾಡದಿದ್ದರೆ ಕೊನೆ ಭಾಗದ ಸ್ಕ್ರಿಪ್ಟ್ ಶೂಟಿಂಗ್ ನಡೆಯುವಾಗಲೇ ತುಂಡುತುಂಡಾಗಿ ಬರುತ್ತೆ. ಚೀನಾದಲ್ಲಿ 2020ರಲ್ಲಿ 40 ಎಪಿಸೋಡ್ ಮಿತಿ ಬಂತು, 2025ರಲ್ಲಿ ಅದನ್ನ ಸಡಿಲಿಸೋ ತನಕ ಉದ್ದ ಶೂಟ್ ಮಾಡಿದ್ದನ್ನ ಕತ್ತರಿಸಿ ತುಂಬಿಸ್ತಿದ್ದರು. ಸೆನ್ಸಾರಿಗಾಗಿ ಡಬ್ಬಿಂಗಲ್ಲಿ ಮಾತು ತಿರುಚಿದರೆ ತುಟಿ ಒಂದು ಹೇಳುತ್ತೆ, ದನಿ ಇನ್ನೊಂದು. ತುಟಿ ನೋಡಿ, ಗೊತ್ತಾಗುತ್ತೆ. ಜಪಾನಿನವರು 10-11 ಎಪಿಸೋಡಲ್ಲಿ ಮುಗಿಸ್ತಾರೆ, ಒಳ್ಳೇದೇ, ಆದರೆ ಕೆಲವೊಮ್ಮೆ ಉಳಿದಿದ್ದು ಸಿನಿಮಾದಲ್ಲಿ ಅಂತ ಟಿಕೆಟ್ ತೋರಿಸ್ತಾರೆ.

ನೋಡಲೇಬೇಕು ಅಂದರೆ 12ನೇ ಎಪಿಸೋಡ್ ಮುಗಿದಾಗ ಒಮ್ಮೆ ನಿಲ್ಲಿಸಿ, ಬಗೆಹರಿಯದ ಗಂಟು ಎಷ್ಟಿದೆ ಎಣಿಸಿ. ಐದಕ್ಕಿಂತ ಹೆಚ್ಚಿದ್ದು 13ರಲ್ಲಿ ಹೊಸ ಬಾಲ್ಯದ ರಹಸ್ಯ ಬಂತೋ, ಬಿಟ್ಟುಬಿಡಿ. ಅಷ್ಟಕ್ಕೆಲ್ಲ ಜಾಗ ಇಲ್ಲ. ಮೂಲ ವೆಬ್‌ಟೂನ್ (ಆನ್‌ಲೈನ್ ಕಾಮಿಕ್ಸ್) ಅಥವಾ ಕಾದಂಬರಿ ಇದ್ದರೆ ಕೊನೆ ಅದೇನಾ ಬೇರೆನಾ ವಿಚಾರಿಸಿ. ಕೊನೆ ಎಪಿಸೋಡಲ್ಲಿ ಇನ್ನು 20 ನಿಮಿಷ ಇದ್ದಾಗ "ಒಂದು ವರ್ಷದ ನಂತರ" ಅಂತ ಅಕ್ಷರ ಬಿದ್ದರೆ ಕಾಯೋದು ದಂಡ. ಒಂದು ಕೋಟು, ಒಂದು ಹಿಮ, ಒಂದು ನಗು, ಅಷ್ಟೇ ಸಿಗೋದು.

ಮೊನ್ನೆ ಇದನ್ನೇ ಹೇಳಿದ್ದಕ್ಕೆ ಒಬ್ಬರು, "ಕೊನೆ ಬಿಡಿ, ಪಯಣ ಎಂಜಾಯ್ ಮಾಡಿ" ಅಂದರು. 'ರೀಬಾರ್ನ್ ರಿಚ್'ನಲ್ಲಿ ಅವರಿನ್ನೂ ಒಂಬತ್ತನೇ ಎಪಿಸೋಡ್‌ನಲ್ಲಿದ್ದಾರಂತೆ.