ಬಟ್ಟೆ ಡೈಪರಿನಲ್ಲಿ ಬೆಳಗಿನವರೆಗೆ: ಇಪ್ಪತ್ತು ತಿಂಗಳ ಬಳಕೆಯ ಅನುಭವ

ನನ್ನ ಮಗ ಹುಟ್ಟಿದ್ದು 2023ರ ನವೆಂಬರಿನಲ್ಲಿ. ಬಾಣಂತನವೆಲ್ಲ ಹಾಸನದಲ್ಲಿ, ಅಮ್ಮನ ಮನೆಯಲ್ಲಿ ಆಯಿತು. ಅಲ್ಲಿ ಅಪ್ಪನ ಹಳೆಯ ಪಂಚೆ ಹರಿದು ಮಾಡಿದ ಲಂಗೋಟಿಗಳೇ ಸಾಕಾಗಿದ್ದವು. ಒದ್ದೆಯಾದರೆ ಮಗು ಅಳುತ್ತಿತ್ತು, ಮನೆಯಲ್ಲಿದ್ದ ಯಾರಾದರೊಬ್ಬರು ಎದ್ದು ಬದಲಿಸುತ್ತಿದ್ದರು. ಮಾರ್ಚಿನಲ್ಲಿ ಬೆಂಗಳೂರಿನ ವಿದ್ಯಾರಣ್ಯಪುರದ ಬಾಡಿಗೆ ಮನೆಗೆ ಮರಳಿದ ಮೇಲೆ ರಾತ್ರಿ ಏಳುವವರು ನಾನು, ನನ್ನ ಗಂಡ ಇಬ್ಬರೇ. ಬೆಳಿಗ್ಗೆ ಎಂಟಕ್ಕೆ ಅವರು ಕಚೇರಿಗೆ ಹೊರಡಬೇಕು. ಆಗ ಕೊಂಡದ್ದು ರಾತ್ರಿಗೆಂದೇ ಮಾರುವ ಈ ಬಟ್ಟೆ ಡೈಪರ್. ಮೂರು ಕೊಂಡೆ, ಒಂದಕ್ಕೆ 900 ರೂಪಾಯಿ.

ಹಲವು ಕಂಪನಿಗಳು ಇದೇ ಮಾದರಿಯನ್ನು ಮಾಡುತ್ತವೆ. ನನಗಾದ ಅನುಭವ ಎಲ್ಲಕ್ಕೂ ಹೊಂದುವಂಥದ್ದು, ಆದ್ದರಿಂದ ಹೆಸರು ಬರೆಯುವುದಿಲ್ಲ. ಹೊರಗಡೆ ಪಾಲಿಯೆಸ್ಟರ್ ಬಟ್ಟೆಗೆ ನೀರು ದಾಟದ ಪಾಲಿಯುರೆಥೇನ್ ಪೊರೆ ಹಿಡಿಸಿದ ಹೊದಿಕೆ, ಒಳಗೆ ಮಗುವಿನ ಮೈಗೆ ತಾಗುವ ಫ್ಲೀಸ್ ಎಂಬ ಮೆತ್ತನೆಯ ಬಟ್ಟೆ, ಇವೆರಡರ ನಡುವೆ ಜೇಬು. ಆ ಜೇಬಿಗೆ ಪ್ಯಾಡ್ ತುಂಬಬೇಕು. ನನಗೆ ಬಂದವುಗಳಲ್ಲಿ ಪ್ರತಿ ಡೈಪರಿಗೆ ಎರಡು ಪ್ಯಾಡ್ ಇದ್ದವು: ಒಂದು ಸಿಂಥೆಟಿಕ್‌ನ ತೀರ ತೆಳು ಎಳೆಗಳ ಮೈಕ್ರೋಫೈಬರ್, ಇನ್ನೊಂದು ಹತ್ತಿ ಬೆರೆತ, ಹೆಂಪ್ ಎಂಬ ಗಿಡದ ನಾರಿನದು. ಮುಂದುಗಡೆ ಟಿಚ್ ಬಟನ್‌ಗಳ ಸಾಲು. ಮಗು ಬೆಳೆದಂತೆ ಬಟನ್ ಬದಲಿಸಿ ಅಳತೆ ದೊಡ್ಡದು ಮಾಡಿಕೊಳ್ಳಬಹುದು.

ಕೊಂಡ ಹೊತ್ತು ಮಾತ್ರ ಚೆನ್ನಾಗಿರಲಿಲ್ಲ. 2024ರ ಮಾರ್ಚ್ ಎಂದರೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಕೊಳವೆಬಾವಿಗಳು ಬತ್ತಿದ್ದವು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಕಟ್ಟಡಕ್ಕೆ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಹೊಸ ಪ್ಯಾಡ್‌ಗಳನ್ನು ಬಳಸುವ ಮೊದಲು ಐದಾರು ಸಲ ಒಗೆಯಬೇಕು ಎಂದು ಪೊಟ್ಟಣದ ಮೇಲೆ ಬರೆದಿತ್ತು. ಹತ್ತಿ, ಹೆಂಪ್ ನಾರುಗಳಲ್ಲಿ ಸಹಜವಾಗಿಯೇ ಇರುವ ಎಣ್ಣೆ ಮೇಣಗಳು ಹೋಗದೆ ಅವು ಪೂರ್ತಿ ಹೀರುವುದಿಲ್ಲ. ಆ ನೀರಿಗೆ ಹೆದರಿ ನಾನು ಎರಡೇ ಸಲ ಒಗೆದು ಬಳಸತೊಡಗಿದೆ. ಅದು ತಪ್ಪಾಗಿತ್ತು. ಆದರೆ ಮಗುವಿಗೆ ಆಗ ನಾಲ್ಕು ತಿಂಗಳು, ಮಲಗಿಸಿದ ಹಾಗೆಯೇ ಅಂಗಾತ ಮಲಗಿರುತ್ತಿದ್ದ, ರಾತ್ರಿ ಎರಡು ಸಲ ಹಾಲಿಗೆ ಏಳುತ್ತಿದ್ದ. ಎದ್ದಾಗ ಬದಲಿಸುತ್ತಿದ್ದುದರಿಂದ ತಪ್ಪು ಗೊತ್ತಾಗಲಿಲ್ಲ.

ಏಳನೆಯ ತಿಂಗಳಲ್ಲಿ ಅವನು ಮಗುಚಿಕೊಂಡು ಮಲಗುವುದನ್ನು ಕಲಿತ. ಮಂಡಿ ಮಡಚಿ, ಕುಂಡೆ ಮೇಲೆತ್ತಿ, ಕೆನ್ನೆ ಹಾಸಿಗೆಗೆ ಒತ್ತಿ ಮಲಗುವನು. ನಿದ್ದೆಯೂ ಉದ್ದವಾಯಿತು. ಅಲ್ಲಿಂದ ಸೋರಿಕೆ ಶುರು. ಮೂರು ಗಂಟೆಗೆ ಕೈಯಾಡಿಸಿದರೆ ಬೆನ್ನು ಬೆಚ್ಚಗೆ ಒಣಗಿರುತ್ತಿತ್ತು, ಹೊಕ್ಕುಳ ಕೆಳಗೆ ಅಂಗಿ ತಣ್ಣಗೆ ಒದ್ದೆ. ಅಂಗಿ, ಹೊದಿಕೆ, ರಬ್ಬರ್ ಶೀಟಿನ ಮೇಲಿನ ಬಟ್ಟೆ ಎಲ್ಲವನ್ನೂ ಬದಲಿಸುವಷ್ಟರಲ್ಲಿ ಅವನು ಪೂರ್ತಿ ಎಚ್ಚರವಾಗಿಬಿಡುತ್ತಿದ್ದ. ವಾರಕ್ಕೆ ನಾಲ್ಕೈದು ರಾತ್ರಿ ಹೀಗೆ.

ನಮ್ಮ ಅತ್ತೆ ಆಗ ನಮ್ಮಲ್ಲಿಗೆ ಬಂದಿದ್ದರು. "ಸಂಜೆ ಆರರ ಮೇಲೆ ಮಗುವಿಗೆ ನೀರು ಕುಡಿಸಬೇಡಮ್ಮ, ಹಾಲೂ ಕಡಿಮೆ ಮಾಡು" ಎಂದರು. ಸೊಸೆಯ ನಿದ್ದೆ ಕೆಡುವುದನ್ನು ನೋಡಿ ಮರುಗಿ ಹೇಳಿದ ಮಾತು ಅದು. ಆದರೂ ನಾನು ಒಪ್ಪಲಿಲ್ಲ. ಹಾಸಿಗೆ ಒಣಗಿರಲಿ ಎಂದು ಹಸುಗೂಸಿನ ಹಾಲಿಗೆ ಕತ್ತರಿ ಹಾಕುವುದು ನನ್ನಿಂದ ಆಗದ ಕೆಲಸ. "ಡೈಪರನ್ನೇ ಸರಿ ಮಾಡೋಣ ಅತ್ತೆ" ಎಂದೆ. ಅವರೂ ಮತ್ತೆ ಆ ಮಾತೆತ್ತಲಿಲ್ಲ.

ಡೈಪರ್ ತುಂಬಿ ಸೋರುತ್ತಿದೆ ಎಂದೇ ನಾನು ತಿಳಿದಿದ್ದೆ. ಹಾಗಾಗಿ ಮೂರನೆಯ ಪ್ಯಾಡ್ ತುರುಕಿದೆ. ಸೋರಿಕೆ ಹೆಚ್ಚಾಯಿತು. ಒಂದು ದಿನ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಒದ್ದೆ ಡೈಪರನ್ನು ತೂಗಿದೆ. ಒಣಗಿದ್ದಾಗಿನ ತೂಕಕ್ಕಿಂತ 140 ಗ್ರಾಮ್ ಮಾತ್ರ ಹೆಚ್ಚಿತ್ತು. ಪ್ಯಾಡ್‌ಗಳನ್ನು ಬಿಡಿಸಿ ನೋಡಿದರೆ ಮೇಲಿನ ಮೈಕ್ರೋಫೈಬರಿನ ಮುಂದಿನ ಅರ್ಧ ನೆನೆದು ತೊಟ್ಟಿಕ್ಕುತ್ತಿತ್ತು, ಕೆಳಗಿನ ಹೆಂಪ್ ಪ್ಯಾಡಿನ ಹಿಂದಿನ ಅರ್ಧ ಅಂಗಡಿಯಿಂದ ತಂದಷ್ಟೇ ಒಣಗಿತ್ತು. ಜಾಗ ಬೇಕಾದಷ್ಟಿತ್ತು, ಮೂತ್ರ ಅಲ್ಲಿಗೆ ತಲುಪುವ ಮೊದಲೇ ಹೊರದಾರಿ ಹಿಡಿಯುತ್ತಿತ್ತು. ಅಂದಿನಿಂದ ನನ್ನ ಹುಡುಕಾಟ ಎಲ್ಲವೂ ಆ ದಾರಿಯ ಬಗ್ಗೆಯೇ.

ಅತ್ತೆಯವರ ಪೆಟ್ಟಿಗೆಯಲ್ಲಿ ಮಗುವಿಗೆ ಹಾಲು ಕುಡಿಸಲೆಂದು ತಂದ ಹಳೆಯ ಹಿತ್ತಾಳೆಯ ಒಳಲೆ ಇತ್ತು. ಅದರ ಮೂತಿಯಿಂದ ಒಗೆದು ಒಣಗಿಸಿದ ಪ್ಯಾಡಿನ ಮೇಲೆ ಹನಿ ಹನಿಯಾಗಿ ನೀರು ಬಿಟ್ಟೆ. ಇಂಗಲಿಲ್ಲ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮುತ್ತುಗಟ್ಟಿ ನಿಂತಿತು. ಬೆರಳಿನಿಂದ ತುಸು ಓರೆ ಮಾಡಿದರೆ ಅಂಚಿನ ಕಡೆಗೆ ಜಾರಿ ಮೇಜಿನ ಮೇಲೆ ಬಿತ್ತು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಫ್ಲೀಸಿನ ಮೇಲೆ ಬಿಟ್ಟರೂ ಹಾಗೆಯೇ. ಕಾರಣ ಎರಡು ಎಂದು ಆಮೇಲೆ ತಿಳಿಯಿತು. ಮೊದಲನೆಯದು ಎಣ್ಣೆ. ಭಾನುವಾರ ಎಣ್ಣೆ ನೀರು, ಉಳಿದ ದಿನ ತೊಡೆಸಂದು ಕೆಂಪಾಗದಿರಲೆಂದು ರಾತ್ರಿ ಒಂದಿಷ್ಟು ಕೊಬ್ಬರಿ ಎಣ್ಣೆ. ಆ ಜಿಡ್ಡು ದಿನದಿಂದ ದಿನಕ್ಕೆ ಬಟ್ಟೆಗೆ ಹತ್ತಿ ನೀರನ್ನು ತಳ್ಳುತ್ತಿತ್ತು. ಎರಡನೆಯದು ನೀರು. ಟ್ಯಾಂಕರಿನ ಗಡಸು ನೀರಿನಲ್ಲಿ ಸೋಪಿನ ಪುಡಿ ಸರಿಯಾಗಿ ನೊರೆ ಕಟ್ಟದು. ಅದರ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ನಾರಿನಲ್ಲಿ ಉಳಿದುಕೊಳ್ಳುತ್ತದೆ. ನಮ್ಮ ನಲ್ಲಿಯ ಮೂತಿಗೆ ಬಿಳಿ ಪೊರೆ ಕಟ್ಟಿದ್ದೂ ನೀರಿನ ಆ ಕ್ಯಾಲ್ಸಿಯಮ್ಮಿನಿಂದಲೇ. ಪ್ಯಾಡ್ ಹಪ್ಪಳದಂತೆ ಗಡುಸಾಗಿದೆಯೆಂದು ನಾನು ಸೋಪು ಇನ್ನಷ್ಟು ಹಾಕುತ್ತಿದ್ದೆ, ಬಟ್ಟೆ ಮೆತ್ತಗಾಗಿಸುವ ದ್ರವವನ್ನೂ ಹಾಕಿದ್ದೆ. ಆ ದ್ರವ ನಾರಿನ ಮೇಲೆ ಪದರವಾಗಿ ಕೂತು ಹೀರುವ ಶಕ್ತಿಯನ್ನೇ ಕುಂದಿಸುತ್ತದೆ. ಡೈಪರಿಗೆ ಅದನ್ನು ಎಂದೂ ಹಾಕಬೇಡಿ.

ಸರಿಪಡಿಸಲು ಒಂದು ಇಡೀ ಶನಿವಾರ ಹಿಡಿಯಿತು. ಪ್ಯಾಡ್‌ಗಳನ್ನು ಮಾತ್ರ ಸೋಪಿಲ್ಲದೆ ಚೆನ್ನಾಗಿ ಕಾಯಿಸಿದ ನೀರಿನಲ್ಲಿ ಜಾಲಾಡಿದೆ. ಮೊದಲ ಸಲ ಸೋಪೇ ಹಾಕದಿದ್ದರೂ ಬಕೆಟ್ ತುಂಬ ನೊರೆ ಎದ್ದಿತು. ನಾಲ್ಕನೆಯ ಸಲಕ್ಕೆ ನೀರು ತಿಳಿಯಾಯಿತು. ಹೊರಹೊದಿಕೆಗೆ ಅಷ್ಟು ಬಿಸಿ ಆಗದು, ಪೊರೆ ಸುಲಿದುಬಿಡುತ್ತದೆ. ಅದರ ಫ್ಲೀಸಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದೇ ಹನಿ ಹಚ್ಚಿ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದೆ. ಮರುದಿನ ಒಳಲೆಯ ಹನಿ ಬಿದ್ದ ಕೂಡಲೇ ಇಂಗಿತು. ಈಗ ಕೊನೆಯ ಜಾಲಾಟಕ್ಕೆ ಅಷ್ಟು ಗಡಸಲ್ಲದ ಕಾವೇರಿ ನೀರನ್ನೇ ಎತ್ತಿಡುತ್ತೇನೆ. ಎಣ್ಣೆ ಹಚ್ಚುವುದನ್ನು ನಾವು ಬಿಡಲಿಲ್ಲ, ಬಿಡುವ ಮನಸ್ಸೂ ಇಲ್ಲ. ಎಣ್ಣೆ ಹಚ್ಚಿದಾಗ ಹಳೆಯ ಫ್ಲೀಸ್ ಹೊದಿಕೆಯಿಂದ ಕತ್ತರಿಸಿದ ಒಂದು ತುಂಡನ್ನು ಒಳಗೆ ಹಾಸುತ್ತೇನೆ. ಜಿಡ್ಡು ಅದಕ್ಕೇ ಹತ್ತುತ್ತದೆ, ಅದನ್ನು ಬೇರೆ ಒಗೆಯುತ್ತೇನೆ.

ಇಷ್ಟಾದ ಮೇಲೂ ವಾರಕ್ಕೆ ಎರಡು ರಾತ್ರಿ ಸೋರುತ್ತಿತ್ತು. ಉಳಿದದ್ದು ತೊಡಿಸುವ ಕ್ರಮ. ಕಾಲಿನ ಎಲಾಸ್ಟಿಕ್ ತೊಡೆಯ ಮೇಲೆ ಕೂರಬಾರದು, ಚಡ್ಡಿಯ ಅಂಚು ಕೂರುವ ಹಾಗೆ ತೊಡೆಸಂದಿನ ಗೆರೆಯೊಳಗೇ ಕೂರಬೇಕು. ತೊಡಿಸಿದ ಮೇಲೆ ಸಂದಿನುದ್ದಕ್ಕೂ ಒಮ್ಮೆ ಬೆರಳಾಡಿಸಿ ಕೂರಿಸುತ್ತೇನೆ. ಮೂರನೆಯ ಪ್ಯಾಡ್ ತುರುಕಿದಾಗ ಸೋರಿಕೆ ಹೆಚ್ಚಿದ್ದು ಇದರಿಂದಲೇ: ಡೈಪರ್ ಉಬ್ಬಿ ಸಂದಿನಲ್ಲಿ ಕಿಂಡಿ ಬಿಟ್ಟಿತ್ತು. ಗಂಡುಮಗುವಾದರೆ ಮುಚ್ಚುವ ಮುನ್ನ ಮರ್ಮಾಂಗ ಕೆಳಮುಖವಾಗಿದೆಯೇ ಎಂದು ನೋಡಲೇಬೇಕು, ಇಲ್ಲದಿದ್ದರೆ ಧಾರೆ ನೇರ ಸೊಂಟದ ಪಟ್ಟಿಗೆ ಹೋಗುತ್ತದೆ. ಹೊಟ್ಟೆಯ ಮೇಲೆ ಮಲಗುವ ಮಗುವಿಗೆ ದಪ್ಪ ಬೇಕಾದದ್ದು ಮುಂದುಗಡೆ. ಹಾಗಾಗಿ ಹೆಂಪ್ ಪ್ಯಾಡನ್ನು ಮುಂಭಾಗದಲ್ಲಿ ಮಡಿಸಿ ಎರಡು ಪದರ ಮಾಡಿ ಇಟ್ಟೆ.

ಪದರಗಳ ಕ್ರಮವೂ ಮುಖ್ಯ. ಮೈಕ್ರೋಫೈಬರ್ ಥಟ್ಟನೆ ಹೀರುತ್ತದೆ, ಒತ್ತಿದರೆ ಅಷ್ಟೇ ಥಟ್ಟನೆ ಬಿಟ್ಟುಕೊಡುತ್ತದೆ. ಹೆಂಪ್ ನಿಧಾನಕ್ಕೆ ಹೀರುತ್ತದೆ, ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಮೈಕ್ರೋಫೈಬರ್ ಮೇಲೆ ಅಂದರೆ ಮೈಯ ಕಡೆಗೆ, ಹೆಂಪ್ ಅದರ ಕೆಳಗೆ ಇದ್ದರೆ ಒಂದು ಬಾಚಿಕೊಳ್ಳುತ್ತದೆ, ಇನ್ನೊಂದು ಕೂಡಿಡುತ್ತದೆ. ಮೈಕ್ರೋಫೈಬರನ್ನು ಜೇಬಿನಿಂದ ತೆಗೆದು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ, ಚರ್ಮದ ತೇವವನ್ನೂ ಎಳೆದು ಒರಟು ಮಾಡುತ್ತದೆ. ಇನ್ನೊಂದು ಸಣ್ಣ ವಿಷಯ: ಬನಿಯನಿನ ಅಂಚು ಡೈಪರಿನೊಳಗೆ ಒಂದು ಬೆರಳಿನಷ್ಟು ಸಿಕ್ಕಿಕೊಂಡಿದ್ದರೂ ಸಾಕು, ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ಮೂತ್ರವನ್ನು ಕತ್ತಿನವರೆಗೆ ಎಳೆಯುತ್ತದೆ. ಬಿಗಿಯಾದ ರಾತ್ರಿ ಉಡುಪೂ ಪ್ಯಾಡನ್ನು ಹಿಂಡಿ ಸೋರಿಸುತ್ತದೆ. ನಾವು ಸಡಿಲ ಜುಬ್ಬಾ ತೊಡಿಸತೊಡಗಿದೆವು.

ಒಂದು ವರ್ಷ ತುಂಬುವ ಹೊತ್ತಿಗೆ ಅವನ ತೂಕ ಹತ್ತು ಕಿಲೋ. ಮತ್ತೆ ತಕ್ಕಡಿಯಲ್ಲಿ ತೂಗಿದಾಗ ರಾತ್ರಿಯ ಲೆಕ್ಕ 260 ಗ್ರಾಮ್, ಹಾಸಿಗೆ ಒಣಗಿತ್ತು. ರಾತ್ರಿ ಒಂಬತ್ತಕ್ಕೆ ತೊಡಿಸಿದರೆ ಬೆಳಿಗ್ಗೆ ಆರರವರೆಗೆ ಬರುತ್ತದೆ. ಪೊಟ್ಟಣದ ಮೇಲೆ ಹನ್ನೆರಡು ಗಂಟೆ ಎಂದಿದೆ, ನಮ್ಮಲ್ಲಿ ಒಮ್ಮೆಯೂ ಅಷ್ಟು ಬಂದಿಲ್ಲ. ಮಲ ಮಾಡಿದರೆ ಎಷ್ಟು ಹೊತ್ತಾದರೂ ಎಬ್ಬಿಸಿ ಬದಲಿಸುತ್ತೇವೆ. ತೊಡೆಸಂದು ಕೆಂಪಾದ ದಿನ ಬಟ್ಟೆಯೂ ಬೇಡ, ಬಿಸಾಡುವ ಡೈಪರೂ ಬೇಡ, ರಬ್ಬರ್ ಶೀಟಿನ ಮೇಲೆ ಪಂಚೆ ಹಾಸಿ ಸುಮ್ಮನೆ ಮಲಗಿಸುತ್ತೇನೆ.

ಬಿಸಾಡುವ ಡೈಪರನ್ನು ನಾವು ಪೂರ್ತಿ ಬಿಟ್ಟಿಲ್ಲ. ಊರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಅದೇ ಸರಿ. ಅದರೊಳಗಿನ ಹರಳು ಸೋಡಿಯಂ ಪಾಲಿಅಕ್ರಿಲೇಟ್. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಅಷ್ಟಾಗದು, ಆದರೂ ಒತ್ತಿದರೆ ಬಿಡುವುದಿಲ್ಲ ಎಂಬುದರಲ್ಲಿ ಬಟ್ಟೆಗಿಂತ ಮೇಲು. ಒಳಗಿನ ನೆರಿಗೆಗಳು ಮಡಚಿಕೊಂಡಿದ್ದರೆ ಅದೂ ಸೋರುತ್ತದೆ, ತೊಡಿಸಿದ ಮೇಲೆ ಬೆರಳಿನಿಂದ ಹೊರಕ್ಕೆ ಎಳೆದು ಬಿಡಬೇಕು. ಅಳತೆಗಳು ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ನಾವು ತರುವ ಪೊಟ್ಟಣಗಳಲ್ಲಿ ಎಂ ಅಂದರೆ 7ರಿಂದ 12 ಕಿಲೋ, ಎಲ್ ಅಂದರೆ 9ರಿಂದ 14. ಹತ್ತು ಕಿಲೋ ಮಗುವಿಗೆ ಹಗಲು ಎಂ, ರಾತ್ರಿ ಎಲ್ ಹಾಕಬಹುದು, ತೊಡೆಯ ಬಳಿ ಕಿಂಡಿ ಬೀಳದಿದ್ದರೆ. ಬಳಸಿದ್ದನ್ನು ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕಸದ ಆಟೋಗೆ ಬೇರೆಯಾಗಿ ಕೊಡಿ. ಅದನ್ನು ಬರಿಗೈಯಲ್ಲಿ ಬಿಡಿಸುವ ಪಾಡು ಪೌರಕಾರ್ಮಿಕರಿಗೆ ಬರಬಾರದು.

ಬಟ್ಟೆ ಡೈಪರಿನ ದೊಡ್ಡ ಕಷ್ಟ ಒಣಗಿಸುವುದು. ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಹೆಂಪ್ ಪ್ಯಾಡ್ ಎರಡು ದಿನ ತೆಗೆದುಕೊಳ್ಳುತ್ತದೆ, ಅರೆಬರೆ ಒಣಗಿದರೆ ಮುಗ್ಗಲು ವಾಸನೆ. ಮೂರು ಡೈಪರಿಗೆ ಆರು ಹೆಂಪ್ ಪ್ಯಾಡ್ ಇರಲೇಬೇಕು. ಮೂರು ಹೆಚ್ಚಿಗೆ ಕೊಂಡೆ, ಅದಕ್ಕೆ ಇನ್ನೊಂದು 1,000 ರೂಪಾಯಿ ಹೋಯಿತು. ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು. ಎಲಾಸ್ಟಿಕ್ ಹದಿನೈದನೆಯ ತಿಂಗಳಿಗೆ ಒಂದರಲ್ಲಿ ಸಡಿಲವಾಯಿತು. ನಮ್ಮ ಬೀದಿಯ ದರ್ಜಿ ಅಂಚು ಬಿಚ್ಚಿ ಹೊಸದು ಹಾಕಿಕೊಟ್ಟರು, ಆದರೆ ಸೂಜಿ ಹೋದ ತೂತುಗಳಲ್ಲಿ ಒದ್ದೆ ಜಿನುಗುತ್ತದೆ. ಅದನ್ನು ಈಗ ಹಗಲಿಗೆ ಮಾತ್ರ ಬಳಸುತ್ತೇವೆ. ಉಳಿದೆರಡರ ಹೊದಿಕೆ ಇನ್ನೂ ಗಟ್ಟಿಯಾಗಿದೆ.

ಮಗನಿಗೆ ಈಗ ಎರಡು ವರ್ಷ. ಕೆಲವು ಬೆಳಿಗ್ಗೆ ಪ್ಯಾಡ್ ಪೂರ್ತಿ ಒಣಗಿಯೇ ಇರುತ್ತದೆ. ಆ ಎರಡು ಡೈಪರುಗಳನ್ನು ಜನವರಿಯಲ್ಲಿ ಹೆರಿಗೆಯಾಗಲಿರುವ ತಂಗಿಗೆ ಎತ್ತಿಟ್ಟಿದ್ದೇನೆ. ಪ್ಯಾಡ್ ಹೊಸದು ಕೊಂಡುಕೋ, ಆರು ಸಲ ಒಗೆದೇ ಬಳಸು ಎಂದಿದ್ದೇನೆ. ಒಳಲೆಯನ್ನೂ ಜೊತೆಗೆ ಕಳಿಸುತ್ತಿದ್ದೇನೆ.