ಮಳೆಗಾಲದ ಬಂಗಡೆ ಊಟ: ಹಳೆಯ ಹೆಸರನ್ನು ನಂಬಿ ಖಾನಾವಳಿಗೆ ಹೋಗುವವರಿಗೆ ಎಚ್ಚರಿಕೆ

ಜೂನ್, ಜುಲೈ ತಿಂಗಳಲ್ಲಿ ಕಾರವಾರದ ಕಡೆಗೆ ಬಂದು, ತಲೆಮಾರುಗಳಿಂದ ನಡೆಯುತ್ತಿರುವ ಹಳೆಯ ಖಾನಾವಳಿಯೊಂದರಲ್ಲಿ ಮೀನೂಟ ಮಾಡಬೇಕೆಂದು ಯೋಚಿಸಿರುವವರು ದಯವಿಟ್ಟು ಇದನ್ನು ಓದಬೇಕು. ಅಂಥದೇ ಒಂದು ಹೆಸರುವಾಸಿ ಖಾನಾವಳಿಯಲ್ಲಿ ಆಷಾಢದ ಒಂದು ಮಧ್ಯಾಹ್ನ ಬಂಗಡೆ ತಿಂದು ನನ್ನ ಅಕ್ಕನ ಮಗ ಆಸ್ಪತ್ರೆ ಸೇರಬೇಕಾಯಿತು. ಖಾನಾವಳಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಮಳೆಗಾಲದಲ್ಲಿ ಮೀನು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಇಡುತ್ತಾರೆ ಎಂಬುದಕ್ಕೆ ಸಂಬಂಧಿಸಿದ ಈ ತೊಂದರೆ ಯಾವ ಅಡುಗೆಮನೆಯಲ್ಲಾದರೂ ಆಗಬಹುದಾದದ್ದು.

ಆ ಖಾನಾವಳಿ ಕಾರವಾರದವರಿಗಷ್ಟೇ ಅಲ್ಲ, ಸುತ್ತಲಿನ ತಾಲ್ಲೂಕುಗಳವರಿಗೂ ಪರಿಚಿತವಾದದ್ದು. ಕಚೇರಿಯ ಕೆಲಸ, ಕೋರ್ಟಿನ ಕೆಲಸ ಎಂದು ಅಂಕೋಲೆ, ಕುಮಟೆಗಳಿಂದ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬಂದವರು ಮಧ್ಯಾಹ್ನ ಅಲ್ಲಿ ಉಂಡು ಹಿಂತಿರುಗುವುದು ನನ್ನ ತಾಯಿಯ ಕಾಲದ ವಾಡಿಕೆ. ಹಂಚಿನ ಮಾಡು, ಉದ್ದದ ಮರದ ಬೆಂಚು, ಕುಚ್ಚಲಕ್ಕಿ ಅನ್ನ, ಕಾಯಿ ಅರೆದು ತೆಪ್ಪಳ ಹಾಕಿದ ಬಂಗಡೆ ಸಾರು, ರವೆ ಹಚ್ಚಿ ಹುರಿದ ಮೀನು, ತಿಸ್ರೆ ಸುಕ್ಕೆ, ಕೊನೆಗೊಂದು ಲೋಟ ಸೋಲ್ ಕಡಿ. ಹುಬ್ಬಳ್ಳಿಯಲ್ಲಿ ಬೆಳೆಯುತ್ತಿರುವ ಮೊಮ್ಮಗನಿಗೆ ಈ ಊಟವನ್ನು ಒಮ್ಮೆ ಉಣಿಸಬೇಕೆಂಬುದು ತಾಯಿಯ ಬಹುದಿನದ ಆಸೆಯಾಗಿದ್ದರಿಂದ, ಶಾಲೆಗೆ ರಜೆ ಸಿಕ್ಕಾಗ ನಾವು ಅರಬೈಲ್ ಘಟ್ಟ ಇಳಿದು ಬಂದಿದ್ದೆವು.

ಘಟ್ಟದ ಮೇಲಿನಿಂದ ಬರುವವರು ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ಮೀನು ಮೊಟ್ಟೆಯಿಟ್ಟು ಸಂತತಿ ಬೆಳೆಸುವ ಕಾಲವೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಆಗ ಬೈತಖೋಲದ ಬಂದರಿನಲ್ಲಿ ಟ್ರಾಲರುಗಳೆಲ್ಲ ಕಟ್ಟಿಹಾಕಿದಲ್ಲೇ ನಿಂತಿರುತ್ತವೆ. ಸಮುದ್ರ ಸ್ವಲ್ಪ ಶಾಂತವಾದ ದಿನ ನಾಡದೋಣಿಯವರು ತರುವ ಮೀನು ಮತ್ತು ಕಾಳಿ, ಗಂಗಾವಳಿಯಂಥ ಹೊಳೆಗಳ ಮೀನು, ಇವಿಷ್ಟೇ ಊರಿನ ತಾಜಾ ಮೀನು. ಹಿಂದಿನ ಖಾನಾವಳಿಗಳ ಊಟವೂ ಇದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಮಳೆ ಹಿಡಿಯಿತೆಂದರೆ ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ, ಒಣ ಶೆಟ್ಲಿಯ ಚಟ್ನಿ, ಹಲಸಿನ ಬೇಳೆಯ ಪಲ್ಯ, ಕಳಲೆ, ಕೆಸುವಿನ ಸೊಪ್ಪು ಎಲೆಗೆ ಬರುತ್ತಿದ್ದವು. ಅದನ್ನು ಕೊರತೆಯ ಊಟವೆಂದು ಯಾರೂ ಭಾವಿಸುತ್ತಿರಲಿಲ್ಲ. ಮಳೆಗಾಲದ ಊಟವೇ ಅದು ಎಂದು ಇಷ್ಟಪಟ್ಟು ಉಣ್ಣುತ್ತಿದ್ದರು.

ಈಗ ಹನ್ನೆರಡು ತಿಂಗಳೂ ಪ್ರವಾಸಿಗರು ಬರುತ್ತಾರೆ, ಬಂದವರೆಲ್ಲರೂ ಬಂಗಡೆ, ಇಸ್ವಣ, ಪಾಂಪ್ಲೆಟ್ ಕೇಳುತ್ತಾರೆ, ಹೀಗಾಗಿ ಆಷಾಢದಲ್ಲೂ ಅವೇ ಹೆಸರುಗಳು ಬೋರ್ಡಿನ ಮೇಲೆ ಇರುತ್ತವೆ. ಪೂರ್ವ ಕರಾವಳಿಯಲ್ಲಿ ನಿಷೇಧದ ಅವಧಿ ಜೂನ್ 14ಕ್ಕೇ ಮುಗಿಯುವುದರಿಂದ ಆ ಕಡೆಯ ಮೀನು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಇಲ್ಲಿಗೆ ಬರುತ್ತದೆ. ಇಲ್ಲವೇ ಮೊದಲೇ ಕೊಂಡು ಫ್ರೀಜರಿನಲ್ಲಿ ಇಟ್ಟದ್ದನ್ನು ಬಳಸುತ್ತಾರೆ. ಇದರಲ್ಲಿ ತಾನಾಗಿ ತಪ್ಪೇನೂ ಇಲ್ಲ. ಹಿಡಿದಾಗಿನಿಂದ ಬಾಣಲೆಗೆ ಬೀಳುವವರೆಗೂ ತಂಪು ಕೆಡದಂತೆ ಇದ್ದ ಮೀನನ್ನು ತಿನ್ನಲು ಯಾವ ಅಡ್ಡಿಯೂ ಇಲ್ಲ. ಆದರೆ ಗಾಳಿಮಳೆಗೆ ಮರ ಬಿದ್ದು ನಮ್ಮ ಜಿಲ್ಲೆಯಲ್ಲಿ ಕರೆಂಟು ಎಷ್ಟು ಹೊತ್ತು ಹೋಗಿರುತ್ತದೆ ಎಂಬುದು ಇಲ್ಲಿನ ಪ್ರತಿಯೊಬ್ಬರಿಗೂ ಗೊತ್ತು.

ನಮ್ಮ ತಟ್ಟೆಗೆ ಬಂದ ಬಂಗಡೆ ನೋಡಲು ಚೆನ್ನಾಗಿಯೇ ಇತ್ತು, ಕೆಟ್ಟ ವಾಸನೆಯೂ ಇರಲಿಲ್ಲ. ಒಂದು ಮೀನನ್ನು ಮುಗಿಸುವ ಹೊತ್ತಿಗೆ ಹುಡುಗ ನಾಲಗೆ ಚುರುಗುಟ್ಟುತ್ತದೆ ಎಂದ. ನಾನೂ ಒಂದು ತುಣುಕು ಬಾಯಿಗಿಟ್ಟು ನೋಡಿದೆ. ಕಾಳುಮೆಣಸು ಕಚ್ಚಿದಂಥ ತೀಕ್ಷ್ಣತೆಯೊಂದು ನಾಲಗೆಯ ತುದಿಗೆ ತಾಗಿತು. ಸಾರಿನಲ್ಲಾಗಿದ್ದರೆ ಅದನ್ನು ತೆಪ್ಪಳದ ಜುಮ್ಮೆನ್ನುವ ರುಚಿ ಎಂದುಕೊಳ್ಳಬಹುದಿತ್ತು, ಆದರೆ ಹುರಿದ ಮೀನಿಗೆ ಯಾರೂ ತೆಪ್ಪಳ ಹಾಕುವುದಿಲ್ಲ. ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಮಾಲಕರನ್ನು ಕರೆದು ತೋರಿಸಿದಾಗ ಅವರು ತಟ್ಟೆಯತ್ತ ನೋಡಲೂ ಇಲ್ಲ. "ನಮ್ಮ ಮಸಾಲೆಯೇ ಹಾಗೆ, ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ತಡೆಯುವುದಿಲ್ಲ" ಎಂದು ಹೇಳಿ ಹೋದರು.

ಊಟ ಮುಗಿಸಿ ಟಾಗೋರ್ ಕಡಲತೀರದ ರಸ್ತೆಗೆ ಬರುವಷ್ಟರಲ್ಲಿ ಹುಡುಗನ ಮುಖ, ಕುತ್ತಿಗೆ, ಎದೆ ಪೂರ್ತಿ ಕೆಂಪಾದವು. ತಲೆ ಸಿಡಿಯುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ ಎಂದು ಅಳತೊಡಗಿದ, ಬಳಿಕ ವಾಂತಿ ಶುರುವಾಯಿತು. ಅದೇ ಮೀನನ್ನು ತಿಂದಿದ್ದ ತಾಯಿಯ ಮುಖವೂ ಬಿಸಿಯಾಗಿ ಕೆಂಪೇರಿತ್ತು. ಆಸ್ಪತ್ರೆಯ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಯಾವ ಮೀನು ತಿಂದಿರಿ ಎಂಬುದು. ಎರಡನೆಯದು, ಜೊತೆಗೆ ಉಂಡ ಬೇರೆಯವರಿಗೂ ಹೀಗಾಗಿದೆಯೇ ಎಂಬುದು. ಎರಡಕ್ಕೂ ಉತ್ತರ ಕೇಳಿದ ಮೇಲೆ, ಇದು ಹಿಸ್ಟಮಿನ್ ವಿಷಬಾಧೆ ಎಂದು ಅವರು ಹೇಳಿದರು.

ಅವರು ವಿವರಿಸಿದ್ದನ್ನು ಎಲ್ಲರೂ ತಿಳಿದಿರುವುದು ಅಗತ್ಯ. ಬಂಗಡೆ, ತಾರ್ಲೆ, ಟ್ಯೂನಾ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚಾಗಿರುತ್ತದೆ. ಹಿಡಿದ ಮೀನನ್ನು ಬೇಗನೆ ತಂಪು ಮಾಡಿ, 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದಂತೆ ಇಡದಿದ್ದರೆ, ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಮತ್ತೆ ಫ್ರೀಜರಿಗೆ ಹಾಕಿದರೂ ಹೋಗುವುದಿಲ್ಲ. ಮೀನಿನ ಬಣ್ಣ, ವಾಸನೆಗಳು ಸರಿಯಾಗಿಯೇ ಇರುವ ಸಾಧ್ಯತೆ ಇರುವುದರಿಂದ, ನಾಲಗೆಗೆ ತಾಗುವ ಆ ತೀಕ್ಷ್ಣತೆ ಕೆಲವೊಮ್ಮೆ ನಮಗೆ ಸಿಗುವ ಒಂದೇ ಸೂಚನೆ. ಅದೂ ಪ್ರತಿ ಸಲ ಸಿಗುತ್ತದೆಂದಿಲ್ಲ. ಅಲರ್ಜಿಗೆ ಕೊಡುವ ಔಷಧವನ್ನೇ ಇದಕ್ಕೂ ಕೊಡುತ್ತಾರೆ. ಸಂಜೆಯ ಹೊತ್ತಿಗೆ ಹುಡುಗ ಚೇತರಿಸಿಕೊಂಡ. ಆದರೆ ಹೃದ್ರೋಗ ಇರುವವರಿಗೆ, ಉಬ್ಬಸ ಇರುವವರಿಗೆ ಇದು ಇಷ್ಟಕ್ಕೇ ಮುಗಿಯದೆ ಇರಬಹುದು.

ಮರುದಿನ ನಾನು ಖಾನಾವಳಿಗೆ ಹೋಗಿ ನಡೆದದ್ದನ್ನು ತಿಳಿಸಿದೆ. ಇನ್ನೊಬ್ಬರಿಗೆ ಹೀಗಾಗಬಾರದೆಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಮಾಲಕರು "ನಿಮ್ಮ ಹುಡುಗನಿಗೆ ಮೀನು ಆಗಿಬರುವುದಿಲ್ಲ, ಇನ್ನು ಮುಂದೆ ಕೊಡಬೇಡಿ" ಎಂದರು. ಈ ಮಾತು ನನ್ನನ್ನು ಬಹಳ ನೋಯಿಸಿತು. ಮೀನನ್ನೇ ಉಂಡು ಬೆಳೆದ ಮನೆತನದ ಮಗುವಿಗೆ, ಬೇರೊಬ್ಬರ ಫ್ರೀಜರಿನ ದೋಷದಿಂದ, ಜನ್ಮಪೂರ್ತಿ ಮೀನು ವರ್ಜ್ಯ ಎಂಬ ಹಣೆಪಟ್ಟಿ ಹಚ್ಚುವುದು ಸಣ್ಣ ಅನ್ಯಾಯವಲ್ಲ. ಹಿಂದಿನ ದಿನ ಬಡಿಸಿದ್ದ ಹಿರಿಯರೊಬ್ಬರು ಬಾಗಿಲವರೆಗೆ ಬಂದು, ವಾರದಿಂದ ಕರೆಂಟು ನೆಟ್ಟಗಿಲ್ಲ, ಜನರೇಟರು ಕೆಟ್ಟಿದೆ, ಪೆಟ್ಟಿಗೆಯ ಮಂಜುಗಡ್ಡೆ ಕರಗಿದ ಮೇಲೂ ಮೀನನ್ನು ಎಸೆಯಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವರ ಮೇಲೆ ನನಗೆ ಗೌರವವಿದೆ. ಬಿಲ್ಲು ಕೇಳಿದ್ದಕ್ಕೆ ಖಾನಾವಳಿಯ ಹೆಸರೂ ಪರವಾನಗಿ ಸಂಖ್ಯೆಯೂ ಇಲ್ಲದ ಚೀಟಿ ಸಿಕ್ಕಿತ್ತು. ಮೀನಿನ ದರ ಬೋರ್ಡಿನಲ್ಲಿ ಇರಲಿಲ್ಲ, "ಇಂದಿನ ದರ" ಎಂದಷ್ಟೇ ಬರೆದಿತ್ತು.

ಈ ಎರಡು ತಿಂಗಳಲ್ಲಿ ಹಳೆಯ ಖಾನಾವಳಿಗೆ ಹೋಗಲೇಬೇಡಿ ಎಂದು ನಾನು ಹೇಳಲಾರೆ. ಅಲ್ಲಿ ಉಣ್ಣುವವರು ಇಲ್ಲದಾದರೆ ಆ ರುಚಿಗಳೂ ಉಳಿಯುವುದಿಲ್ಲ. ಕುಳಿತುಕೊಳ್ಳುವ ಮೊದಲು, ಇಂದು ನಾಡದೋಣಿಯ ಮೀನು ಬಂದಿದೆಯೇ, ಹೊಳೆಮೀನು ಇದೆಯೇ ಎಂದು ಕೇಳಿರಿ. ಇಲ್ಲವೆಂದರೆ ಒಣಮೀನಿನ ಊಟವನ್ನೋ ತರಕಾರಿ ಊಟವನ್ನೋ ಕೇಳಿ ಉಣ್ಣಿರಿ. ಜುಲೈ ತಿಂಗಳಲ್ಲಿ ಎಲ್ಲ ಮೀನೂ ಇದೆ, ಎಲ್ಲವೂ ಬೆಳಿಗ್ಗೆ ಹಿಡಿದದ್ದು ಎನ್ನುವ ಕಡೆ ನಿಲ್ಲಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆಯನ್ನು ಗಿರಾಕಿಗಳಿಗೆ ಕಾಣುವಂತೆ ಹಾಕಿರಬೇಕು. ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ನಾಲಗೆ ಚುರುಗುಟ್ಟಿದರೆ ದುಡ್ಡು ಕೊಟ್ಟಿದ್ದೇವೆಂದು ಇನ್ನೊಂದು ತುತ್ತನ್ನೂ ತಿನ್ನಬೇಡಿ. ಉಳಿದ ಮೀನನ್ನು ಕಟ್ಟಿಸಿಕೊಂಡು ಮಂಜುಗಡ್ಡೆಯಲ್ಲಿಟ್ಟು, 1800112100 ಸಹಾಯವಾಣಿಗೆ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿರಿ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಕೊಂಡವರೇ ಶುಲ್ಕ ಕೊಟ್ಟು ಆಹಾರವನ್ನು ಪರೀಕ್ಷೆ ಮಾಡಿಸಬಹುದು.

ಮೈ ಕೆಂಪೇರುವುದು, ತಲೆನೋವು, ಎದೆಬಡಿತ ಕಾಣಿಸಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಯಾವ ಮೀನು, ಎಷ್ಟು ಹೊತ್ತಿಗೆ ತಿಂದದ್ದು, ಅದೇ ಮೀನನ್ನು ತಿಂದ ಇನ್ನಾರಿಗೆ ಏನಾಯಿತು ಎಂಬ ಮೂರನ್ನೂ ವೈದ್ಯರಿಗೆ ಮೊದಲೇ ಹೇಳಿರಿ. ಇದು ಮೀನಿನ ಅಲರ್ಜಿಯೇ, ಇಟ್ಟ ಮೀನಿನ ದೋಷವೇ ಎಂದು ಅವರು ನಿರ್ಧರಿಸುವುದು ಈ ಉತ್ತರಗಳ ಮೇಲೆಯೇ.